ಕತೆ ಶುರು ಮಾಡಿ ಐದೇ ನಿಮಿಷ, ಮಕ್ಕಳು ಚೆಲ್ಲಾಪಿಲ್ಲಿ. ತಡೆದುಕೊಳ್ಳೋದನ್ನ, ಗಮನ ಕೊಡೋದನ್ನ ಕಲಿಸೋದು ಹೇಗೆ?

ಅಂಗಳದಕ್ಕ
ಎಲ್ರಿಗೂ ನಮಸ್ಕಾರ. ಅಂಗನವಾಡಿಯಲ್ಲಿ 24 ಮಕ್ಕಳಿದ್ದಾರೆ. ತೀರಾ ಚಿಕ್ಕವನಿಗೆ 3 ವರ್ಷ 2 ತಿಂಗಳು, ದೊಡ್ಡವಳಿಗೆ 5 ವರ್ಷ 8 ತಿಂಗಳು. ಒಂದೇ ಕೋಣೆ, ಒಂದೇ ನಲ್ಲಿ. ಸಹಾಯಕಿ ಒಬ್ಬರು, ಹನ್ನೊಂದರ ಮೇಲೆ ಅವರು ಅಡುಗೆಗೆ ಹೋಗ್ತಾರೆ.

ಸಮಸ್ಯೆ ಮೂರು. ಕತೆ ಹೇಳೋಕೆ ಕೂತ್ರೆ ಐದು ನಿಮಿಷದಲ್ಲಿ ಅರ್ಧ ಮಕ್ಕಳು ಎದ್ದು ಓಡಾಡ್ತಾರೆ. ಊಟಕ್ಕೆ ಮುಂಚೆ ಕೈ ತೊಳೆಯೋ ಸಾಲಲ್ಲಿ ದಿನಾ ನೂಕಾಟ, ಕಚ್ಚಾಟ. ಆಟದಲ್ಲಿ ಸೋತ್ರೆ ಒಂದಿಬ್ಬರು ಕೈಗೆ ಸಿಕ್ಕಿದ್ದನ್ನ ಎಸೀತಾರೆ. ಒಂದನೇ ಕ್ಲಾಸಿನ ಟೀಚರ್ ಹೇಳೋದು "ಅಕ್ಷರ ಬರದಿದ್ರೆ ನಾನು ಕಲಿಸ್ಕೋತೀನಿ, ಕೂರೋಕೇ ಬರಲ್ವಲ್ಲ" ಅಂತ. ತಾಯಂದಿರು "ಎರಡು ಏಟು ಬಿಡಿ ಅಕ್ಕ, ಸರಿಹೋಗ್ತಾರೆ" ಅಂತಾರೆ. ಹೊಡೆಯೋದಿಲ್ಲ, ಅದು ಬೇರೆ ಮಾತು. ಆದ್ರೆ ಬದಲಿಗೆ ಏನು ಮಾಡ್ಬೇಕು ಅಂತ ನಿಮಿಷದ ಲೆಕ್ಕದಲ್ಲಿ ಹೇಳೋರು ಬೇಕು. "ಪ್ರೀತಿಯಿಂದ ಹೇಳಿ" ಅಂದ್ರೆ ಸಾಲಲ್ಲ.

ನಲಿಕಲಿ ಮೇಷ್ಟ್ರು
ಮೊದಲು ಒಂದು ಗೋಜಲು ಬಿಡಿಸ್ಕೊಳ್ಳೋಣ. ಸುಮ್ನೆ ಕೂರೋದು ಬೇರೆ, ತನ್ನನ್ನ ತಾನು ಹಿಡಿತದಲ್ಲಿ ಇಟ್ಕೊಳ್ಳೋದು ಬೇರೆ. ಹೆದರಿ ಕೂತ ಮಗು ಕತೆ ಕೇಳ್ತಾ ಇಲ್ಲದೇನೂ ಇರಬಹುದು.

ಒಳಗೆ ನಡೆಯೋ ಕೆಲಸ ಮೂರು. ಹೇಳಿದ್ದನ್ನ ತಲೇಲಿ ಹಿಡಿದಿಟ್ಕೊಂಡು ಅದರಂತೆ ಮಾಡೋದು ಒಂದು. ಕೈಗೆ, ಬಾಯಿಗೆ ಥಟ್ಟನೆ ಬಂದಿದ್ದನ್ನ ತಡೆಯೋದು ಎರಡನೇದು. ನಿಯಮ ಬದಲಾದಾಗ ಹಳೇದನ್ನ ಬಿಟ್ಟು ಹೊಸದಕ್ಕೆ ಹೊರಳೋದು ಮೂರನೇದು. ಇವನ್ನ ನಡೆಸೋ ಹಣೆ ಹಿಂದಿನ ಮಿದುಳಿನ ಭಾಗ 3ರಿಂದ 5 ವರ್ಷದಲ್ಲಿ ಜೋರಾಗಿ ಬೆಳೆಯುತ್ತೆ, ಪೂರ್ತಿ ಬಲಿಯೋದು 25ರ ಆಸುಪಾಸಿಗೆ. ಹಾಗಾಗಿ 3 ವರ್ಷದವನೂ 5 ವರ್ಷದವಳೂ ಒಂದೇ ಕತೆಗೆ ಒಂದೇ ಹೊತ್ತು ಕೂರ್ಬೇಕು ಅನ್ನೋದರಲ್ಲೇ ತಪ್ಪಿದೆ. 3–4ರವರಿಗೆ 8ರಿಂದ 10 ನಿಮಿಷ, 5 ದಾಟಿದವರಿಗೆ 15. ಎರಡು ಗುಂಪು ಮಾಡಿ, ನಿಮ್ಮ ಮೊದಲ ಸಮಸ್ಯೆ ಅಲ್ಲೇ ಅರ್ಧ ಇಳಿಯುತ್ತೆ.

ಹಳೇ ಹಲಗೆ
ಹಿಂದೆಲ್ಲ ಮೇಷ್ಟ್ರು ಕಣ್ಣು ಬಿಟ್ರೆ ಸಾಕಿತ್ತು, 60 ಮಕ್ಕಳು ಕೂರ್ತಿದ್ರು. ಹೊಡೆಯೋದು ಬೇಡ, ಒಪ್ಪಿದೆ. ಆದ್ರೆ ಸ್ವಲ್ಪ ಹೆದರಿಕೇನೇ ಇಲ್ದೆ ಮಕ್ಕಳಿಗೆ ಅಂಕೆ ಎಲ್ಲಿಂದ ಬರುತ್ತೆ?

ಕೆಂಪುಗಂಟೆ
@ಹಳೇ ಹಲಗೆ ಅವರೇ, ಮೇಷ್ಟ್ರು ಬೆನ್ನು ತಿರುಗಿಸಿದ ಮೇಲೆ ಆ 60 ಮಕ್ಕಳು ಏನು ಮಾಡ್ತಿದ್ರು ಅನ್ನೋದೂ ಎಲ್ರಿಗೂ ಗೊತ್ತಿದೆ. ಅಂಕೆ ಇದ್ದಿದ್ದು ಮೇಷ್ಟ್ರ ಕಣ್ಣಲ್ಲಿ, ಮಗುವಿನ ಒಳಗಲ್ಲ. ಇಲ್ಲಿ ಕೇಳ್ತಿರೋದು ಒಳಗೆ ಬರೋದು ಹೇಗೆ ಅಂತ.

ಇನ್ನೊಂದು, ಶಾಲೆ ವಿಷಯಕ್ಕೆ ಬಂದ್ರೆ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಹೊಡೆತದ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ಕತ್ತಲೆ ಕೋಣೇಲಿ ಹಾಕ್ತೀನಿ" ಅನ್ನೋದೂ ಅದೇ ಲೆಕ್ಕ.

ಹುಬ್ಬಳ್ಳಿ ಟೀಚರ್
ಅಕ್ಕಾರ, ಕೆರಿ-ದಡ ಆಡಸ್ರಿ. ಇದಕ್ಕಿಂತ ಚಲೋ ಸಾಧನ ಇಲ್ಲ, ಮತ್ತ ಒಂದು ಪೈಸಾ ಖರ್ಚಿಲ್ಲ. ಆದ್ರ ಆಡಸೂ ರೀತಿ ಒಳಗ ಎಲ್ಲಾ ಐತಿ.

ಎಂಟು ಮಕ್ಕಳಿಗೆ ಒಂದು ಗುಂಡನ ಗೆರಿ ಹೊಡೀರಿ, ಅಡ್ಡಗಲ ಮೂರು ಮೀಟರ್ ಇರಲಿ. ಒಳಗ ಕೆರಿ, ಹೊರಗ ದಡ. ಮೊದಲನೇ ವಾರ ಸಾವಕಾಶ: "ಕೆರೆ" ಅನ್ರಿ, ಮೂರು ಎಣಿಸ್ರಿ, "ದಡ" ಅನ್ರಿ. ಎರಡನೇ ವಾರ ನಡುವ "ಕೆರೆ, ಕೆರೆ" ಅಂತ ಎರಡು ಸಲ ಅನ್ರಿ. ಅಲ್ಲೇ ನೋಡ್ರಿ ಮಕ್ಕಳು ಕಾಲು ಎತ್ತಿಬಿಡ್ತಾವ. ಆ ಎತ್ತಿದ ಕಾಲು ತಡಿಯೂದೇ ಕಲಿಕಿ. ಮೂರನೇ ವಾರ ಉಲ್ಟಾ: ಕೆರೆ ಅಂದ್ರ ಹೊರಗ, ದಡ ಅಂದ್ರ ಒಳಗ. ನಾಲ್ಕನೇ ವಾರ ಮಗುನ ಕಡೆನ ಹೇಳಸ್ರಿ. ಹತ್ತು ಸಲಕ್ಕ ಏಳೆಂಟು ಸರಿ ಆಗ್ತಿದ್ರ ಮಾತ್ರ ಮುಂದಿನ ಮೆಟ್ಟಿಲು. ಅರ್ಧಕ್ಕರ್ಧ ತಪ್ಪಾತಂದ್ರ ಒಂದು ಮೆಟ್ಟಿಲು ಕೆಳಗ ಬರ್ರಿ. ಐದಾರು ನಿಮಿಷಕ್ಕ ನಿಲ್ಲಸ್ರಿ, ಇನ್ನೂ ಬೇಕು ಅನ್ನುವಾಗನ.

ಮತ್ತ ಮುಖ್ಯ ಮಾತು. ತಪ್ಪಿದವ್ರನ್ನ ಔಟ್ ಮಾಡಬ್ಯಾಡ್ರಿ. ಯಾವ ಮಗುಗ ತಡ್ಕೊಳ್ಳಾಕ ಬರೂದಿಲ್ಲೋ ಅದು ಮೊದಲ ಔಟ್ ಆಗಿ ಗ್ವಾಡಿಗೆ ಆತು ಕುಂಡರತೈತಿ. ರೂಢಿ ಯಾರಿಗೆ ಬೇಕೋ ಅವರಿಗೇ ಇಲ್ಲಾಂಗ ಆಕ್ಕೈತಿ.

ಗೋಲಿಗಜ್ಜುಗ
ಔಟ್ ಮಾಡಬಾರದು ಅನ್ನೋ ಮಾತು ನೂರಕ್ಕೆ ನೂರು. ಇದನ್ನ ಪ್ರತಿ ಅಂಗನವಾಡಿ ಗೋಡೆ ಮೇಲೆ ಬರೀಬೇಕು.

ನಲಿಕಲಿ ಮೇಷ್ಟ್ರು
ಹುಬ್ಬಳ್ಳಿ ಟೀಚರ್ ಹೇಳಿದ ಉಲ್ಟಾ ಮೆಟ್ಟಿಲೇ ಜಗತ್ತಿನಾದ್ಯಂತ ಬಳಸೋ ಒಂದು ಅಳತೆಗೂ ತಳಹದಿ. ತಲೆ-ಕಾಲ್ಬೆರಳು-ಮಂಡಿ-ಭುಜ ಅಂತ ಅದರ ಹೆಸರು, ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮೇಗನ್ ಮೆಕ್‌ಲೆಲಂಡ್ ಮತ್ತು ಸಂಗಡಿಗರು ಬೆಳೆಸಿದ್ದು. "ತಲೆ ಮುಟ್ಟು" ಅಂದ್ರೆ ಕಾಲ್ಬೆರಳು ಮುಟ್ಟಬೇಕು, "ಕಾಲ್ಬೆರಳು" ಅಂದ್ರೆ ತಲೆ. ಆಮೇಲೆ ಮಂಡಿ, ಭುಜ ಸೇರಿಸ್ತಾರೆ.

ಅಂಕ ಕೊಡೋ ರೀತಿ ನೋಡಿ. ಸರಿಯಾಗಿ ಮಾಡಿದ್ರೆ 2, ತಪ್ಪಿದ್ರೆ 0. ಕೈ ತಪ್ಪು ಕಡೆ ಹೊರಟು, ಮಗುನೇ ಎಚ್ಚೆತ್ತು ಸರಿ ಮಾಡ್ಕೊಂಡ್ರೆ 1. ಆ ಒಂದು ಅಂಕ ದೊಡ್ಡದು. ತರಗತಿಯಲ್ಲೂ ಅದನ್ನೇ ಹೆಸರಿಸಿ ಹೇಳಿ: "ಕೈ ಹೊರಟಿತ್ತು, ನೀನೇ ತಡೆದೆ." "ಜಾಣ", "ಗುಡ್" ಅನ್ನೋದಕ್ಕಿಂತ ಇದು ಹತ್ತು ಪಾಲು ಕೆಲಸ ಮಾಡುತ್ತೆ. ಏನು ಮಾಡಿದೆ ಅನ್ನೋದು ಮಗುವಿಗೆ ಗೊತ್ತಾಗುತ್ತಲ್ಲ.

ಕಡಲ ತಡಿ
ನಮ್ಮಲ್ಲಿ ಹಾರುವ ಆಟ ಉಂಟಲ್ಲ, ಅದು ಕೋಣೆಯ ಒಳಗೇ ಆಗ್ತದೆ. "ಕಾಗೆ ಹಾರಿತು", ಕೈ ಮೇಲೆ. "ಗುಬ್ಬಿ ಹಾರಿತು", ಕೈ ಮೇಲೆ. "ಎಮ್ಮೆ ಹಾರಿತು", ಕೈ ಕೆಳಗೇ ಇರ್ಬೇಕು. ಮಳೆಗಾಲದಲ್ಲಿ ಹೊರಗೆ ಬಿಡ್ಲಿಕ್ಕೆ ಆಗದ ಜಿಲ್ಲೆಗಳಿಗೆ ಇದೇ ಗತಿ ಮಾರಾಯ್ರೆ. ಹೇಳುವವರು ತಾವೇ ಕೈ ಎತ್ತಿ ಮಕ್ಕಳನ್ನು ತಪ್ಪಿಸಲಿಕ್ಕೆ ನೋಡುವುದು ಮೂರನೇ ವಾರದಿಂದ ಮಾತ್ರ. ಮೊದಲೇ ಹಾಗೆ ಮಾಡಿದರೆ ಮಕ್ಕಳು ಬಾಯಿ ಕೇಳುವುದು ಬಿಟ್ಟು ಕೈ ನೋಡ್ತಾರೆ.

ಎರಡು ಮಕ್ಕಳ ಅಪ್ಪ
ಆಟ ಎಲ್ಲ ಸರಿ. ಆದ್ರೆ ಆಟದಲ್ಲಿ ತಡೆದುಕೊಂಡ ಮಗು ಕತೆ ಹೊತ್ತಲ್ಲೂ ತಡೆದುಕೊಳ್ಳುತ್ತೆ ಅಂತ ಏನು ಗ್ಯಾರಂಟಿ?

ನಲಿಕಲಿ ಮೇಷ್ಟ್ರು
ಗ್ಯಾರಂಟಿ ಇಲ್ಲ, ಕೇಳಿದ್ದು ಒಳ್ಳೇದಾಯ್ತು. ಮೆಕ್‌ಲೆಲಂಡ್ ಜೊತೆ ಶೌನಾ ಟೊಮಿನಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಆಟಗಳನ್ನ 8 ವಾರ, ವಾರಕ್ಕೆ ಎರಡು ಸಲದಂತೆ 16 ಸಲ ಆಡಿಸಿದ್ರು. ಎಲ್ಲ ಮಕ್ಕಳಲ್ಲೂ ಒಂದೇ ತರಹ ಬದಲಾವಣೆ ಬರಲಿಲ್ಲ. ಶುರುವಲ್ಲಿ ಹಿಂದಿದ್ದ ಮಕ್ಕಳಲ್ಲೇ ಲಾಭ ಕಂಡದ್ದು. ಹಾಗಾಗಿ ಆಟ ಒಂದೇ ಸಾಲದು, ದಿನದ ವ್ಯವಸ್ಥೆಯೂ ಬದಲಾಗ್ಬೇಕು. ಕತೆಗೆ ಬೇರೆ ಉಪಾಯ ಇದೆ, ಯಾರಾದ್ರೂ ಕಿವಿ-ತುಟಿ ಚೀಟಿ ಬಗ್ಗೆ ಬರೀರಿ, ನನಗೆ ತರಗತಿಗೆ ಹೊತ್ತಾಯ್ತು.

ಕೆಂಪುಗಂಟೆ
ಬರೀತೀನಿ. ಇದು ಎಲೆನಾ ಬೊಡ್ರೋವಾ, ಡೆಬೊರಾ ಲಿಯಾಂಗ್ ಇಬ್ಬರೂ ರಷ್ಯಾದ ಮನೋವಿಜ್ಞಾನಿ ವೈಗಾಟ್ಸ್ಕಿಯ ವಿಚಾರ ಹಿಡಿದು ಅಮೆರಿಕದಲ್ಲಿ ಕಟ್ಟಿದ ಕ್ರಮದ್ದು. ಮಕ್ಕಳನ್ನ ಜೋಡಿ ಮಾಡಿ. ಒಬ್ಬರ ಕೈಗೆ ತುಟಿಯ ಚಿತ್ರ, ಇನ್ನೊಬ್ಬರ ಕೈಗೆ ಕಿವಿಯ ಚಿತ್ರ. ತುಟಿ ಹಿಡಿದವಳು ಚಿತ್ರಪುಸ್ತಕ ನೋಡಿ ಕತೆ ಹೇಳ್ತಾಳೆ, ಕಿವಿ ಹಿಡಿದವನು ಕೇಳ್ತಾನೆ, ಆಮೇಲೆ ಅದಲು ಬದಲು. ಓದೋಕೆ ಬರಲೇಬೇಕು ಅಂತಿಲ್ಲ. ನಾಲ್ಕು ವರ್ಷದ ಮಗುವಿಗೆ "ಈಗ ನಿನ್ನ ಸರದಿ ಅಲ್ಲ" ಅನ್ನೋ ಮಾತು ನಿಲ್ಲಲ್ಲ, ಗಾಳೀಲಿ ಹೋಗುತ್ತೆ. ಕೈಲಿರೋ ಚೀಟಿ ನಿಲ್ಲುತ್ತೆ. ರಟ್ಟು ಅಂಗೈ ಅಗಲ ಇರಲಿ, ಮೇಲೆ ಅಗಲ ಟೇಪ್ ಸುತ್ತಿ, ಇಲ್ಲಾಂದ್ರೆ ವಾರದಲ್ಲಿ ಜೊಲ್ಲಿಗೆ ನೆನೆದು ಹೋಗುತ್ತೆ. ಒಂದೆರಡು ತಿಂಗಳಲ್ಲಿ ಚೀಟಿ ಕೇಳದೇನೇ ಸರದಿ ಪಾಲಿಸ್ತಾರೆ, ಆಗ ತೆಗೆದಿಡಿ.

ದೊಡ್ಡ ಗುಂಪಿಗೆ ಕತೆ ಹೇಳುವಾಗ ಪ್ರತಿ ಮಗುವಿಗೂ ಒಂದು ಕೆಲಸ ಕೊಡಿ. "ನರಿ ಅಂದಾಗೆಲ್ಲ ಒಂದು ಚಪ್ಪಾಳೆ, ಸಿಂಹ ಅಂದಾಗ ಬಾಯಿ ಮುಚ್ಕೋ." ಕಾಯೋದೂ ಕೇಳೋದೂ ಆಗ ಕೆಲಸವೇ ಆಗಿಬಿಡುತ್ತೆ.

ಅಂಗಳದಕ್ಕ
ಇದು ನಾಳೆಯೇ ಮಾಡ್ಬಹುದು. ಕೈ ತೊಳೆಯೋ ಸಾಲಿಗೆ ಏನು?

ಗೋಲಿಗಜ್ಜುಗ
ಅಕ್ಕ, ಲೆಕ್ಕ ಹಾಕಿ. ಒಂದು ಮಗುವಿಗೆ 40 ಸೆಕೆಂಡ್ ಅಂದ್ರೆ 24 ಮಕ್ಕಳಿಗೆ ಒಂದು ನಲ್ಲೀಲಿ 16 ನಿಮಿಷ. ಕೊನೇ ಮಗು ಹೊಟ್ಟೆ ಹಸ್ಕೊಂಡು, ಸಾರಿನ ವಾಸನೆ ಕುಡೀತಾ ಕಾಲುಗಂಟೆ ನಿಲ್ಬೇಕು. ದೊಡ್ಡೋರೇ ನಿಲ್ಲಲ್ಲ. ಇದು ಮಗುವಿನ ತಾಳ್ಮೆ ಪ್ರಶ್ನೆ ಅಲ್ಲ, ನಲ್ಲಿ ಪ್ರಶ್ನೆ.

5 ಲೀಟರ್ ಎಣ್ಣೆ ಕ್ಯಾನ್ ಎರಡು ತಗೊಳ್ಳಿ. ಮುಚ್ಚಳದಿಂದ ನಾಲ್ಕು ಬೆರಳು ಕೆಳಗೆ, ಹಿಡಿಕೆಯ ಎದುರು ಬದಿಗೆ ಕಾದ ಮೊಳೆಯಿಂದ ಎರಡು ತೂತು ಮಾಡಿ. ಹಿಡಿಕೆಗೆ ಕೋಲು ತೂರಿಸಿ ಎರಡು ಕವೆಗಳ ನಡುವೆ ತೂಗುಹಾಕಿ. ಕ್ಯಾನಿನ ಕತ್ತಿಗೆ ಹಗ್ಗ ಕಟ್ಟಿ, ಕೆಳತುದಿಯನ್ನ ನೆಲದ ಮೇಲಿನ ಕೋಲಿಗೆ ಕಟ್ಟಿ. ಕಾಲಲ್ಲಿ ಕೋಲು ಒತ್ತಿದ್ರೆ ಕ್ಯಾನ್ ಬಾಗಿ ನೀರು ಬರುತ್ತೆ, ಬಿಟ್ರೆ ನಿಲ್ಲುತ್ತೆ. ನೀರು ತೂತಿಗಿಂತ ಕೆಳಗೇ ಇರಲಿ, ಮೇಲೆ ಬಂದ್ರೆ ಬಾಗಿಸದೇನೇ ಸೋರುತ್ತೆ. ನಲ್ಲಿ ಸೇರಿ ಮೂರು ಕಡೆ ಆಯ್ತು, 24 ಮಕ್ಕಳು 5 ನಿಮಿಷ 20 ಸೆಕೆಂಡಲ್ಲಿ ಮುಗೀತಾರೆ. ಮೂರು ಮೂರು ಜನರನ್ನೇ ಕಳಿಸಿ, ಉಳಿದವರು ಚಾಪೆ ಮೇಲೆ ಹಾಡು ಹೇಳ್ತಾ ಇರಲಿ. ಸಾಲು ಅನ್ನೋದನ್ನೇ ತೆಗೆದುಹಾಕಿ.

ಹಳೇ ಹಲಗೆ
ಆದ್ರೆ ಸಾಲಲ್ಲಿ ನಿಲ್ಲೋದನ್ನ ಎಂದಾದ್ರೂ ಕಲಿಬೇಕಲ್ವಾ? ಎಲ್ಲಾನೂ ಸುಲಭ ಮಾಡಿಕೊಟ್ರೆ ಮುಂದೆ ಪರದಾಡ್ತಾರೆ.

ಗೋಲಿಗಜ್ಜುಗ
ಕಲೀಲಿ, ಮೂರು ಜನರ ಸಾಲಲ್ಲಿ, ಒಂದು ನಿಮಿಷಕ್ಕೆ. ಆಮೇಲೆ ಐದು ಜನ, ಎರಡು ನಿಮಿಷ. ಈಜು ಕಲಿಸೋಕೆ ಯಾರೂ ಮೊದಲ ದಿನವೇ ತುಂಬಿದ ಹೊಳೆಗೆ ಇಳಿಸಲ್ಲ.

ಹಳೇ ಹಲಗೆ
ಸರಿ, ಇದನ್ನ ಒಪ್ತೀನಿ. ಆದ್ರೆ "ಓಡಬೇಡ" ಅಂತ ನೂರು ಸಲ ಹೇಳಿದ್ರೂ ಓಡೋ ಮಗುವಿಗೆ ಏನು ಹೇಳ್ತೀರಿ?

ಕಡಲ ತಡಿ
ನೂರು ಸಲ ಹೇಳುವುದೇ ತೊಂದರೆ ಇರಬಹುದು. ಕನ್ನಡದಲ್ಲಿ "ಬೇಡ" ಬರುವುದು ಕೊನೆಗೆ. ಓಡ-ಬೇಡ, ಮುಟ್ಟ-ಬೇಡ, ಎಸೀ-ಬೇಡ. ಮಗುವಿನ ಕಿವಿಗೆ ಮೊದಲು ಬೀಳುವುದು ಓಡು, ಮುಟ್ಟು, ಎಸೆ.

ಲೂರಿಯಾ ಅಂತ ರಷ್ಯಾದ ಮನೋವಿಜ್ಞಾನಿ ಮಕ್ಕಳ ಕೈಗೆ ಒಂದು ರಬ್ಬರ್ ಬಲ್ಬು ಕೊಟ್ಟು ನೋಡಿದ್ದರು. "ಒತ್ತಬೇಡ" ಅಂತ ತಾನೇ ಬಾಯಲ್ಲಿ ಹೇಳಿಕೊಳ್ಳುತ್ತಾ 3 ವರ್ಷದ ಆಸುಪಾಸಿನ ಮಗು ಇನ್ನೂ ಗಟ್ಟಿಯಾಗಿ ಒತ್ತಿಬಿಡ್ತದೆ. ಆ ಪ್ರಾಯದಲ್ಲಿ ಮಾತಿನ ಅರ್ಥಕ್ಕಿಂತ ಮಾತಿನ ತಳ್ಳಾಟವೇ ಜಾಸ್ತಿ ಕೆಲಸ ಮಾಡ್ತದೆ. ಹಾಗಾಗಿ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಹೇಳಿ. "ಓಡಬೇಡ" ಬದಲು "ನಡೆದು ಬಾ". "ಕಿರುಚಬೇಡ" ಬದಲು "ಇರುವೆಯ ಸ್ವರದಲ್ಲಿ ಹೇಳು". ಹೇಳಿದ ಮೇಲೆ ಬಾಯಿ ಮುಚ್ಚಿ ಐದು ಎಣಿಸಿ. ಮಗುವಿಗೆ ಮಾತು ಇಳಿಯಲಿಕ್ಕೆ ಹೊತ್ತು ಬೇಕು. ನಾವು ಎರಡನೇ ಸಲ ಹೇಳಿದರೆ ಅದು ಮೊದಲಿನಿಂದ ಶುರು ಮಾಡ್ತದೆ.

ಹುಬ್ಬಳ್ಳಿ ಟೀಚರ್
ಇದು ಎದಿಗೆ ಮುಟ್ಟಿತ್ರಿ. ಇದರ ಜೋಡಿ ಇನ್ನೊಂದು: ಮೂರು ವರ್ಷದ ಕೂಸಿಗೆ ಒಂದು ಸಲಕ್ಕ ಒಂದೇ ಮಾತು, ಐದರವ್ರಿಗೆ ಎರಡು ಮೂರು. "ಚೀಲ ಇಡು, ಚಪ್ಪಲ್ ಬಿಡು, ಕೈ ತೊಳಿ, ಬಂದು ಕುಂಡ್ರು" ಅಂತ ಒಂದ ಉಸಿರಿಗೆ ಹೇಳಿದ್ರ ಸಣ್ಣವ್ರಿಗೆ ಕಡೀದಷ್ಟ ಉಳೀತೈತಿ. ಬಾಗಲಾ ಕಡೆ ನಾಲ್ಕು ಚಿತ್ರ ಸಾಲಾಗಿ ಅಂಟಸ್ರಿ, ಅದರ ಕಣ್ಣ ಎತ್ತರಕ್ಕ, ನಮ್ಮ ಎತ್ತರಕ್ಕಲ್ಲ.

ಮತ್ತ ಕೆಲಸ ಮಾಡಕೋತ ಒಟಗುಟ್ಟೂ ಮಕ್ಕಳನ್ನ "ಶ್" ಅನ್ನಬ್ಯಾಡ್ರಿ. "ಕೆಂಪು ಇಲ್ಲಿ, ಹಸರು ಅಲ್ಲಿ" ಅಂತ ತಮ್ಮಷ್ಟಕ್ಕ ಮಾತಾಡ್ಕೋತಾವಲ್ಲ, ತಮಗ ತಾವ ದಾರಿ ಹೇಳ್ಕೊಳ್ಳೂದು ಅದು. ನಾಲ್ಕೈದು ವರ್ಷಕ್ಕ ಜೋರ ಇರತೈತಿ, ಆಮ್ಯಾಲ ತಾನ ಒಳಗ ಹೋಗತೈತಿ. ವೈಗಾಟ್ಸ್ಕಿ ಹೇಳಿದ್ದು ಇದನ್ನ.

ಕೆಂಪುಗಂಟೆ
ವೈಗಾಟ್ಸ್ಕಿ ಹೆಸರು ಬಂತಲ್ಲ, ನಟನೆಯ ಆಟ ಬಿಡೋಕಾಗಲ್ಲ. 1948ರಲ್ಲಿ ಸೋವಿಯತ್ ಒಕ್ಕೂಟದ ಮನುಯ್ಲೆಂಕೋ ಒಂದು ಪ್ರಯೋಗ ಪ್ರಕಟಿಸಿದ್ರು. "ಅಲ್ಲಾಡದೆ ನಿಲ್ಲು" ಅಂದಾಗ ನಿಂತದ್ದಕ್ಕಿಂತ, ಕಾವಲುಗಾರನ ಪಾತ್ರ ಕೊಟ್ಟಾಗ ಮಕ್ಕಳು ಬಹಳ ಹೆಚ್ಚು ಹೊತ್ತು ಅಲ್ಲಾಡದೆ ನಿಂತ್ರು. ಪಾತ್ರವೇ ಮಗುವನ್ನ ಹಿಡಿದು ನಿಲ್ಲಿಸುತ್ತೆ.

ನಮ್ಮಲ್ಲಿ ಇದಕ್ಕೆ ಬಸ್ಸಾಟದಷ್ಟು ಒಳ್ಳೇದು ಇಲ್ಲ. ಚಾಪೆ ಮೇಲೆ ಎರಡೆರಡು ಮಕ್ಕಳ ನಾಲ್ಕು ಸಾಲು, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್, ಎರಡು ಸ್ಟಾಪು. "ಹೋಲ್ಡಾನ್" ಅಂದ್ರೆ ಗಾಡಿ ನಿಲ್ಬೇಕು, "ರೈಟ್" ಅನ್ನೋವರೆಗೆ ಹೊರಡಂಗಿಲ್ಲ. ಸ್ಟಾಪಲ್ಲಿ ಇಳಿಯೋರು ಮೊದಲು, ಹತ್ತೋರು ಆಮೇಲೆ. ಟಿಕೆಟ್ ಇಲ್ದೆ ಸೀಟಿಲ್ಲ. ಎಷ್ಟು ನಿಯಮ ಆಯ್ತು ನೋಡಿ, ಒಂದನ್ನೂ ನಾವು ಹೇರಬೇಕಾಗಿಲ್ಲ, ಬಸ್ಸೇ ಹೇಳಿಕೊಡುತ್ತೆ. ಸ್ಟೇರಿಂಗ್ ಅಂತ ಕೊಟ್ಟ ತಟ್ಟೆ ತಿರುಗಿಸೋ ಆಸೆ ಉಕ್ಕಿ ಬಂದ್ರೂ ಡ್ರೈವರ್ ಹುಡುಗ ಕತ್ತು ಹಿಂದೆ ತಿರುಗಿಸಿ ರೈಟ್ ಬರೋವರೆಗೆ ಕಾಯ್ತಾ ಕೂರ್ತಾನಲ್ಲ, ಅದನ್ನ ಹತ್ತಿರದಿಂದ ನೋಡಿ. ಎರಡು ಕೈನೂ ತಟ್ಟೆಯ ಮೇಲೆ ಬಿಗಿ, ತುಟಿ ಬಿಗಿ, ಕಾಲ್ಬೆರಳು ಮಾತ್ರ ಕುಣೀತಿರುತ್ತೆ.

ಕೆಡೋದು ಎರಡು ಕಾರಣಕ್ಕೆ. ಎಲ್ರೂ ಡ್ರೈವರ್ ಆಗ್ಬೇಕು ಅಂತಾರೆ. ಅದಕ್ಕೆ ಆಟಕ್ಕೆ ಮುಂಚೆ 5 ನಿಮಿಷ ಪ್ರತಿಯೊಬ್ಬರೂ "ನಾನು ಇವತ್ತು ಏನಾಗ್ತೀನಿ" ಅಂತ ಚೀಟಿ ಮೇಲೆ ಗೀಚಲಿ, ನಾಳೆಯ ಡ್ರೈವರ್ ಯಾರು ಅಂತ ಗೋಡೆ ಮೇಲೆ ಚಿತ್ರ ಅಂಟಿಸಿ. ಎರಡನೇ ಕಾರಣ, ಹತ್ತು ನಿಮಿಷಕ್ಕೆ ನಾವು "ಸಾಕು" ಅಂತೀವಿ. ಪಾತ್ರ ಹಂಚಿಕೊಂಡು ಜಗಳ ಮುಗಿಯೋಕೇ 10 ನಿಮಿಷ ಬೇಕು. 35–40 ನಿಮಿಷ ಬಿಡಿ.

ಎರಡು ಮಕ್ಕಳ ಅಪ್ಪ
ದಿನಾ 40 ನಿಮಿಷ ಆಟವಾದ್ರೆ ಬರೆಯೋದು ಯಾವಾಗ? ಪಕ್ಕದ ಕಾನ್ವೆಂಟಲ್ಲಿ ಎಲ್‌ಕೆಜಿಗೇ ಕರ್ಸಿವ್ ಬರೆಸ್ತಾರೆ.

ನಲಿಕಲಿ ಮೇಷ್ಟ್ರು
ತರಗತಿ ಮುಗಿಸಿ ಬಂದೆ. ಅಪ್ಪಾಜಿ, 4 ವರ್ಷಕ್ಕೆ ಕರ್ಸಿವ್ ಬರೆಯೋಕೆ ಮಣಿಕಟ್ಟಿನ ಎಲುಬೇ ಇನ್ನೂ ಬಲಿತಿರಲ್ಲ. ರಾಜ್ಯದಲ್ಲಿ ಈಗ 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನೋ ನಿಯಮ ಇದೆ, 2025–26ರಲ್ಲಿ 5 ವರ್ಷ 5 ತಿಂಗಳಿಗೆ ಸಡಿಲ ಕೊಟ್ಟಿದ್ರು. ಆ ಸಿಕ್ಕ ಒಂದು ವರ್ಷವನ್ನ ಇನ್ನೊಂದು ಕಾಪಿ ಪುಸ್ತಕಕ್ಕೆ ಸುರೀಬೇಡಿ.

ಒಂದನೇ ತರಗತಿಯಲ್ಲಿ ಏನು ಬೇಕಾಗುತ್ತೆ ಹೇಳ್ತೀನಿ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಕಾರ್ಡು ಮತ್ತು ಗುಂಪುಗಳ ಮೂಲಕ ಕಲಿಸೋ ಸರ್ಕಾರಿ ಶಾಲೆಯ ಪದ್ಧತಿ. ಮಗು ಕಲಿಕಾ ಏಣಿಯಲ್ಲಿ (ಕಲಿಯೋ ಹಂತಗಳ ಪಟ್ಟಿ) ತನ್ನ ಮೈಲಿಗಲ್ಲು ಹುಡುಕಬೇಕು, ತನ್ನ ಕಾರ್ಡ್ ತರಬೇಕು, ಯಾವ ಗುಂಪು ಅಂತ ನೋಡಿ ಅಲ್ಲಿಗೆ ಹೋಗಿ ಕೂರಬೇಕು. ಸ್ವಕಲಿಕೆ ಗುಂಪಲ್ಲಿ ಮೇಷ್ಟ್ರು ಪಕ್ಕದಲ್ಲೇ ಇರಲ್ಲ. ದಾರೀಲಿ ಗೆಳೆಯ ಕರೆದ್ರೂ ಕಾರ್ಡ್ ನಂಬರ್ ಮರೆಯದ ಮಗು ಅಕ್ಷರ ಬೇಗ ಹಿಡಿಯುತ್ತೆ.

ಹಳೇ ಹಲಗೆ
ಒಂದು ಪ್ರಯೋಗ ಕೇಳಿದ್ದೆ. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ಕಾದ್ರೆ ಎರಡು ಕೊಡ್ತೀವಿ ಅಂತಾರೆ. ಕಾದವರು ಜೀವನದಲ್ಲಿ ಮುಂದೆ ಬಂದ್ರಂತೆ. ಅಂದ್ರೆ ಹುಟ್ಟುಗುಣ ಅಲ್ವಾ?

ಕೆಂಪುಗಂಟೆ
ಅದು ಸ್ಟ್ಯಾನ್‌ಫರ್ಡಿನ ವಾಲ್ಟರ್ ಮಿಷೆಲ್ ಅವರ ಮಾರ್ಷ್‌ಮ್ಯಾಲೋ ಪ್ರಯೋಗ. ಆ ಅರ್ಥ ಈಗ ನಿಲ್ಲಲ್ಲ. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಕೊಂಡು ನೋಡಿದಾಗ ಕಾಯೋದಕ್ಕೂ ಮುಂದಿನ ಕಲಿಕೆಗೂ ಇರೋ ನಂಟು ಮೊದಲು ಹೇಳಿದ್ದರ ಅರ್ಧದಷ್ಟಿತ್ತು. ಮನೆಯ ಪರಿಸ್ಥಿತಿ ಲೆಕ್ಕಕ್ಕೆ ತಗೊಂಡ್ರೆ ಅದರಲ್ಲೂ ಮೂರರಲ್ಲಿ ಎರಡು ಪಾಲು ಕರಗಿಹೋಯ್ತು.

ಅದಕ್ಕಿಂತ ನಮಗೆ ಬೇಕಾದ್ದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮಾಡಿದ ಪ್ರಯೋಗ. 28 ಮಕ್ಕಳು. ಮೊದಲು ಚಿತ್ರ ಬಿಡಿಸೋ ಕೆಲಸ ಕೊಟ್ಟು "ಇನ್ನೂ ಒಳ್ಳೇ ಬಣ್ಣ ತರ್ತೀನಿ, ಕಾಯಿ" ಅಂದ್ರು. ಅರ್ಧ ಮಕ್ಕಳಿಗೆ ಹೇಳಿದಂತೆ ತಂದ್ರು, ಉಳಿದ ಅರ್ಧಕ್ಕೆ "ಇಲ್ಲ, ಇರ್ಲಿಲ್ಲ" ಅಂತ ಬರಿಗೈಲಿ ಬಂದ್ರು. ಆಮೇಲೆ ಮಿಠಾಯಿ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದ್ರು, ತಪ್ಪಿದವರ ಮುಂದೆ 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14ರಲ್ಲಿ 9, ಎರಡನೇದರ 14ರಲ್ಲಿ ಒಬ್ಬ. ಕಾಯೋದು ಮೂರ್ಖತನ ಅಂತ ಮಗು ಲೆಕ್ಕ ಹಾಕಿದೆ, ಅಷ್ಟೇ.

ಈಗ ಮನೆ ಮಾತು. "ಸುಮ್ನಿರು, ನಾಳೆ ಕೊಡಿಸ್ತೀನಿ", "ಅಳ್ಬೇಡ, ಸಂಜೆ ಜಾತ್ರೆಗೆ ಹೋಗೋಣ". ಎಷ್ಟು ನಾಳೆ ಬರುತ್ತೆ? ಗುಮ್ಮ, ಪೊಲೀಸು, ಡಾಕ್ಟರ ಸೂಜಿ, ಇವೂ ಹಾಗೇ. ಬರ್ತಾನೆ ಅಂದವನು ಬರಲ್ಲ ಅಂತ ಗೊತ್ತಾದ ದಿನ ನಮ್ಮ ಬೆದರಿಕೆಯ ಜೊತೆ ಭರವಸೆಯೂ ಸತ್ತಿರುತ್ತೆ. ಆಗದ್ದನ್ನ ಹೇಳಬೇಡಿ. "ಇವತ್ತು ಇಲ್ಲ" ಅಂದ್ರೆ ಮಗು ಅಳುತ್ತೆ, ಆದ್ರೆ ನಂಬುತ್ತೆ.

ಕಡಲ ತಡಿ
ಮಿಷೆಲ್ ಅವರ ಪ್ರಯೋಗದಲ್ಲಿ ಬಳಸಲಿಕ್ಕಾಗುವ ಒಂದು ವಿಷಯ ಉಂಟು. ತಿಂಡಿ ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟಾಗ ಮಕ್ಕಳು ಜಾಸ್ತಿ ಹೊತ್ತು ಕಾದರು. ಆಟಿಕೆಯ ಬುಟ್ಟಿಗೆ ಹಳೆ ಸೀರೆ ಮುಚ್ಚಿ ಸಾಕು. ಕತೆಯ ಹೊತ್ತಿನ ಅರ್ಧ ಗಲಾಟೆ ಆ ಬುಟ್ಟಿಯದ್ದು.

ಅಂಗಳದಕ್ಕ
ಬುಟ್ಟಿ ಕತೆ ಹೇಳೋ ಜಾಗದ ಎದುರಿಗೇ ಇದೆ! ಸೋತಾಗ ಎಸೆಯೋ ಮಕ್ಕಳಿಗೆ?

ಗೋಲಿಗಜ್ಜುಗ
ಅಳಿಗುಳಿ ಮಣೆ ಥರ ಗೆಲ್ಲೋ-ಸೋಲೋ ಆಟ 5ರ ಒಳಗಿನವರಿಗೆ ಬೇಡ. ಮೊದಲು ಎಲ್ರೂ ಸೇರಿ ಗೆಲ್ಲೋ ಆಟ: ಎಂಟು ಮಕ್ಕಳು ಸೀರೆಯ ಅಂಚು ಹಿಡಿದು ಚೆಂಡು ಬೀಳದಂತೆ 20ರವರೆಗೆ ಎಣಿಸೋದು. ಆಮೇಲೆ 2 ನಿಮಿಷದಲ್ಲಿ ಮುಗಿಯೋ ಸಣ್ಣ ಸೋಲು. ದೊಡ್ಡವರು ಸೋತಾಗ ಬಾಯಿಬಿಟ್ಟು ಹೇಳಿ: "ಸೋತೆ, ಸಿಟ್ಟು ಬಂತು, ಇನ್ನೊಂದಾಟ ಆಡೋಣ." ಮಕ್ಕಳು ಅದನ್ನೇ ಎತ್ಕೋತಾರೆ.

ಹುಬ್ಬಳ್ಳಿ ಟೀಚರ್
ಸಿಟ್ಟು ಏರಿದಾಗ ಬುದ್ಧಿ ಹೇಳಬ್ಯಾಡ್ರಿ. ಆ ಹೊತ್ತಿಗೆ ಕಿವಿ ಮುಚ್ಚಿರತಾವ. ಬಾಜೂಕ ಕುಂಡ್ರ್ರಿ, ಕೈಗೆ ಸಿಗೂ ಗಟ್ಟಿ ಸಾಮಾನು ಸರಸ್ರಿ, ನಾಲ್ಕ ಮಾತು ಸಾಕು: "ಸಿಟ್ಟ ಬಂದೈತಿ. ನಾ ಇಲ್ಲೇ ಅದೀನಿ." ನಿಮ್ಮ ದನಿ ಇಳದ್ರ ಅದರದ್ದೂ ಇಳೀತೈತಿ, ನೀವು ಏರಿಸಿದ್ರ ಅದೂ ಏರಸತೈತಿ. ಮುಗದಮ್ಯಾಲ ನೀರು ಕುಡಸ್ರಿ, ಹತ್ತು ನಿಮಿಷ ಬಿಟ್ಟು ಮಾತಾಡ್ರಿ.

ಮತ್ತ ಎಲ್ಲಾದಕ್ಕೂ "ಹಟ" ಅನ್ನೂದು ಬಿಡ್ರಿ. ಹಸಿವಿ, ಸುಸ್ತು, ಮುನಿಸು, ಹೊಟ್ಟಿಕಿಚ್ಚು, ಅಂಜಿಕಿ, ಕಿರಿಕಿರಿ, ಎಲ್ಲಾಕ್ಕೂ ಬ್ಯಾರೆ ಬ್ಯಾರೆ ಹೆಸರು ಅದಾವ ನಮ್ಮಲ್ಲಿ. ಹೆಸರು ಗೊತ್ತಾದ ಕೂಸು ಕೈ ಬದಲಿ ಬಾಯಿ ಬಳಸ್ತೈತಿ.

ಕೆಂಪುಗಂಟೆ
ಒಂದು ಮೂಲೇಲಿ ಚಾಪೆ, ದಿಂಬು, ಒಂದು ಮಿಂಚಿನ ಬಾಟಲಿ ಇಡಿ. ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಉಗುರುಬೆಚ್ಚಗಿನ ನೀರು, ಎರಡು ದೊಡ್ಡ ಚಮಚ ಗ್ಲಿಸರಿನ್, ಒಂದು ಸಣ್ಣ ಚಮಚ ಮಿಂಚಿನ ಪುಡಿ (ಗ್ಲಿಟರ್). ಮೇಲೆ ಎರಡು ಬೆರಳು ಖಾಲಿ ಇರಲಿ, ಇಲ್ಲಾಂದ್ರೆ ಅಲುಗಾಡಿಸಿದ್ರೂ ಒಳಗೆ ಕದಡಲ್ಲ. ಅಲುಗಾಡಿಸಿಟ್ರೆ 60ರಿಂದ 90 ಸೆಕೆಂಡಲ್ಲಿ ತಳ ಸೇರಬೇಕು. ಬೇಗ ಇಳಿದ್ರೆ ಗ್ಲಿಸರಿನ್ ಜಾಸ್ತಿ ಮಾಡಿ, ತೀರಾ ತಡವಾದ್ರೆ ನೀರು. ಸರಿ ಆದ ಮೇಲೆ ಮುಚ್ಚಳಕ್ಕೆ ಗಟ್ಟಿ ಅಂಟು ಹಾಕಿ ಟೇಪ್ ಸುತ್ತಿ. ಮಗು ಅದನ್ನ ನೋಡ್ತಾ ಬಿಸಿ ಹಾಲು ಆರಿಸೋ ಹಾಗೆ ನಿಧಾನ ಊದಲಿ.

ಶಿಕ್ಷೆಗೆ ಅಂತ ಆ ಮೂಲೆಗೆ ಕಳಿಸಿದ್ರೆ ಎಲ್ಲ ಹಾಳು. ಚೆನ್ನಾಗಿರೋ ಹೊತ್ತಲ್ಲಿ ಎಲ್ಲ ಮಕ್ಕಳಿಗೂ ಅಲ್ಲಿ ಕೂತು ಅಭ್ಯಾಸ ಮಾಡಿಸಿ.

ಎರಡು ಮಕ್ಕಳ ಅಪ್ಪ
ನಕ್ಷತ್ರದ ಸ್ಟಿಕ್ಕರ್ ಕೊಟ್ರೆ? ಚೆನ್ನಾಗಿ ಕೂತವರಿಗೆ ಒಂದೊಂದು.

ನಲಿಕಲಿ ಮೇಷ್ಟ್ರು
ಹೊಸ ಅಭ್ಯಾಸ ಹತ್ತಿಸೋಕೆ ಒಂದೆರಡು ವಾರ ಕೊಟ್ರೆ ಕೊಡಬಹುದು. ತಾನಾಗೇ ಇಷ್ಟಪಟ್ಟು ಮಾಡೋದಕ್ಕೆ ಕೊಡಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಮೂವರು ತೋರಿಸಿದ್ರು: ಚಿತ್ರ ಬಿಡಿಸೋದನ್ನ ಇಷ್ಟಪಡ್ತಿದ್ದ ಮಕ್ಕಳಿಗೆ ಮೊದಲೇ ಹೇಳಿ ಬಹುಮಾನ ಕೊಟ್ರೆ, ಆಮೇಲೆ ಬಿಡುವಲ್ಲಿ ಅವರು ಚಿತ್ರ ಬಿಡಿಸೋದೇ ಕಡಿಮೆಯಾಯ್ತು.

ಮಕ್ಕಳ ಆರೋಗ್ಯ
ಇಷ್ಟೊತ್ತು ಓದಿದೆ, ಹೊಟ್ಟೆ ಮತ್ತು ನಿದ್ದೆ ಬಗ್ಗೆ ಯಾರೂ ಬರೀಲಿಲ್ಲ.

ಎನ್‌ಎಫ್‌ಎಚ್‌ಎಸ್-5 (2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಪ್ರಕಾರ ರಾಜ್ಯದಲ್ಲಿ 5ರ ಒಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ರಕ್ತಹೀನತೆ ಇತ್ತು. ಕಬ್ಬಿಣ ಕಡಿಮೆ ಇರೋ ಮಗು ಸುಸ್ತಾಗಿರುತ್ತೆ, ಕಿರಿಕಿರಿ ಮಾಡುತ್ತೆ, ಗಮನ ನಿಲ್ಲಲ್ಲ. ನೋಡೋರಿಗೆ "ಹಟಮಾರಿ". 6 ತಿಂಗಳಿಂದ 59 ತಿಂಗಳವರೆಗೆ ವಾರಕ್ಕೆ ಎರಡು ಸಲ 1 ಮಿಲೀ ಕಬ್ಬಿಣ-ಫೋಲಿಕ್ ಆಮ್ಲದ ಐಎಫ್‌ಎ ಸಿರಪ್, 5ರಿಂದ 9 ವರ್ಷಕ್ಕೆ ವಾರಕ್ಕೊಂದು ಗುಲಾಬಿ ಮಾತ್ರೆ. ಜಂತುಹುಳದ ಮಾತ್ರೆ ವರ್ಷಕ್ಕೆರಡು ಸಲ. ಊಟದ ಜೊತೆ ಚಹಾ ಕೊಡಬೇಡಿ, ಕಬ್ಬಿಣ ಹೀರಿಕೊಳ್ಳೋಕೆ ಬಿಡಲ್ಲ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿ.

ನಿದ್ದೆ 3ರಿಂದ 5 ವರ್ಷಕ್ಕೆ ಹಗಲಿನದ್ದೂ ಸೇರಿ 10ರಿಂದ 13 ಗಂಟೆ ಬೇಕು. ಧಾರಾವಾಹಿ ಮುಗಿಸಿ ಹನ್ನೊಂದಕ್ಕೆ ಮಲಗಿ ಏಳಕ್ಕೆ ಎದ್ದ ಮಗುವಿಗೆ ಎಂಟೇ ಗಂಟೆ ಆಯ್ತು. ಟೀವಿ, ಫೋನಿನ ಪರದೆ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು 2ರಿಂದ 4 ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೇದು.

ಕರೆದ್ರೆ ತಿರುಗದ ಮಗು, ಟೀವಿ ಜೋರು ಇಡೋ ಮಗು, ಪದೇ ಪದೇ ಕಿವಿ ಸೋರೋ ಮಗು ಇದ್ರೆ ಮೊದಲು ಕಿವಿ ಪರೀಕ್ಷೆ. ಕೇಳಿಸದ ಮಗುವನ್ನ ಮಾತು ಕೇಳದ ಮಗು ಅಂತ ಬೈದಿರ್ತೀವಿ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಅಂಗನವಾಡಿಗೆ ಬಂದಾಗ ಹೆಸರು ಹಿಡಿದು ತೋರಿಸಿ, ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೋಡೋ ಕೇಂದ್ರ) ಕಳಿಸ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಇದೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅನ್ನೋ ಹಣೆಪಟ್ಟಿ 4ಕ್ಕೆ ಮುಂಚೆ ಅಂಟಿಸಬೇಡಿ. ಶಾಲೆ ಸೇರೋಕೆ ಮುಂಚಿನ ವಯಸ್ಸಲ್ಲಿ ಇದೆ ಅಂತ ಗೊತ್ತಾದ್ರೂ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ತಂದೆತಾಯಿಗೆ ತರಬೇತಿ.

ಹಳೇ ಹಲಗೆ
ಕಿವಿಯ ಮಾತು ತಲೆಯಲ್ಲಿ ಇರ್ಲಿಲ್ಲ. ಎಷ್ಟು ಮಕ್ಕಳಿಗೆ ಇದರಿಂದ ಪೆಟ್ಟು ಬಿದ್ದಿರಬಹುದು ಅಂತ ಸಂಕಟ ಆಗುತ್ತೆ.

ಎರಡು ಮಕ್ಕಳ ಅಪ್ಪ
ಮನೇಲಿ ಅಮ್ಮ ಒಂದು ಹೇಳಿದ್ರೆ ಅಜ್ಜಿ ಇನ್ನೊಂದು ಮಾಡಿದ್ರೆ ಇದೆಲ್ಲ ನಿಲ್ಲುತ್ತಾ?

ಕಡಲ ತಡಿ
ಎಲ್ಲದರಲ್ಲೂ ಒಂದೇ ನಿಯಮ ಆಗ್ಲಿಕ್ಕಿಲ್ಲ. ಊಟದ ಹೊತ್ತು, ಮಲಗುವ ಹೊತ್ತು, ಹೊಡೆದಾಟ, ಈ ಮೂರರಲ್ಲಿ ಎಲ್ಲರೂ ಒಂದೇ ಮಾತು ಅಂತ ಕೂತು ಮಾತಾಡಿಕೊಳ್ಳಿ, ಉಳಿದದ್ದು ಅಜ್ಜಿಗೆ ಬಿಡಿ. ಊಟ ಮಾಡಿಸುವಾಗ ಫೋನ್ ಬದಲು ಅಜ್ಜಿಯ ಕತೆಯೇ ಇರಲಿ, ಕೇಳುವ ಅಭ್ಯಾಸ ಅಲ್ಲೇ ಆಗ್ತದೆ.

ಅಂಗಳದಕ್ಕ
ಬರ್ಕೊಂಡಿದ್ದೀನಿ. ಸೋಮವಾರದಿಂದ: 10 ಗಂಟೆಗೆ ಕೆರೆ-ದಡ ಮೂರು ಗುಂಪಲ್ಲಿ, ಗುಂಪಿಗೆ 6 ನಿಮಿಷ, ಯಾರೂ ಔಟ್ ಇಲ್ಲ. 10.20ಕ್ಕೆ ಬಸ್ಸಾಟ 40 ನಿಮಿಷ. 11ಕ್ಕೆ ಚಿಕ್ಕವರಿಗೆ ಕತೆ 8 ನಿಮಿಷ, ಆ ಹೊತ್ತು ದೊಡ್ಡವರು ಕಿವಿ-ತುಟಿ ಚೀಟಿ, ಆಮೇಲೆ ಅದಲು ಬದಲು. ಬುಟ್ಟಿಗೆ ಸೀರೆ. ಕ್ಯಾನು ಎರಡು ಹೋಟೆಲಿಂದ ಕೇಳಿ ತರ್ತೀನಿ. ಒಂದೇ ಅನುಮಾನ: 11ಕ್ಕೆ ಸಹಾಯಕಿ ಅಡುಗೆಗೆ ಹೋಗಿರ್ತಾರೆ. ದೊಡ್ಡವರ ಜೋಡಿ ಓದನ್ನ ಯಾರು ನೋಡ್ಕೋಬೇಕು?

ಹುಬ್ಬಳ್ಳಿ ಟೀಚರ್
ಕತಿ ಮೊದಲ ಇಡ್ರಿ, 10.20ಕ್ಕ, ಅವರು ಇದ್ದಾಗನ. ಬಸ್ಸಾಟ ಆಮ್ಯಾಲ ಇಡ್ರಿ, ಅದಕ್ಕ ಒಬ್ಬರು ಸಾಕು. ಮತ್ತ ಮೊದಲನೇ ದಿನ ಎಲ್ಲಾ ಹಚ್ಚಬ್ಯಾಡ್ರಿ. ಈ ವಾರ ಕೆರಿ-ದಡ ಮತ್ತ ಬುಟ್ಟಿ. ಚೀಟಿ ಮುಂದಿನ ವಾರ.

ಗೋಲಿಗಜ್ಜುಗ
ಕ್ಯಾನ್ ತಂದ ದಿನ ಸೋಪಿನ ನೀರು ಹಾಕಿ ಎರಡು ಸಲ ಕುಲುಕಿ ತೊಳೀರಿ ಅಕ್ಕ, ಎಣ್ಣೆ ಪಸೆ ಉಳಿದ್ರೆ ಮಕ್ಕಳ ಕೈ ಜಾರುತ್ತೆ.